ಕಿಟಕಿಯ ಮಂಜು ಹೋಗ್ತಾನೇ ಇಲ್ಲ, ಈ ಮನೆ ಕೊಳ್ಳಲೋ ಬೇಡವೋ?

ಹೊಸಮನೆ_ರೀಡಿಂಗ್: ನಮಸ್ಕಾರ. ತಲೆ ಕೆಟ್ಟುಹೋಗಿದೆ. ಇಲ್ಲಿ ಇಂಗ್ಲೆಂಡಿನ ರೀಡಿಂಗ್ ಊರಲ್ಲಿ ಮೂರು ಬೆಡ್‌ರೂಮಿನ ಸೆಮಿ ಮನೆ (ಒಂದು ಕಡೆ ಪಕ್ಕದ ಮನೆಗೆ ಅಂಟಿದ್ದು) ಕೊಳ್ಳುತ್ತಿದ್ದೇವೆ. ನಿನ್ನೆ ಎರಡನೇ ಸಲ ನೋಡಲು ಹೋದರೆ ಕಿಟಕಿ ತುಂಬಾ ಮಂಜು. ಏಜೆಂಟನ್ನು ಕೇಳಿದರೆ "ಚಳಿಗಾಲ ಅಲ್ವಾ" ಎಂದು ನಕ್ಕ. ಡಬಲ್ ಗ್ಲೇಜಿಂಗ್ (ಎರಡು ಪದರದ ಗಾಜು) ಅಂತ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಿದ್ದಾರೆ. ಏನು ಮಾಡಲಿ? ಬೇಗ ಹೇಳಿ.

ಸ್ಲೌ_ಸೀನ: ಗಾಳಿ ಆಡುತ್ತಿಲ್ಲ, ಅಷ್ಟೇ. ಮನೆ ಬಿಸಿಮಾಡುವ ರೇಡಿಯೇಟರ್ ಮೇಲೆ ಬಟ್ಟೆ ಒಣಗಿಸುತ್ತಾರೆ, ಕುಕ್ಕರ್ ಕೂಗಿಸುತ್ತಾರೆ, ಫ್ಯಾನ್ ಹಾಕುವುದಿಲ್ಲ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ತಗೊಳ್ಳಿ. ನಮ್ಮದು ದಿನಕ್ಕೆ ಎರಡು ಲೀಟರ್ ನೀರು ಹಿಡಿಯುತ್ತೆ.

ಹೊಸಮನೆ_ರೀಡಿಂಗ್: ಮನೆ ಮೂರು ತಿಂಗಳಿಂದ ಖಾಲಿ ಸರ್. ಯಾರ ಕುಕ್ಕರ್?

ಸ್ಲೌ_ಸೀನ: ಖಾಲಿ ಮನೆ ಇನ್ನೂ ಜಾಸ್ತಿ ತಣ್ಣಗಿರುತ್ತೆ. ಡಿಹ್ಯುಮಿಡಿಫೈಯರೇ ಮದ್ದು.

ಗಾಜು_ಗಣಪ: ಮಂಜು ಯಾವ ಕಡೆ ಇದೆ, ಮೊದಲು ಅದು ಹೇಳಿ. ಒಳಗಿನಿಂದ ಬೆರಳಾಡಿಸಿದರೆ ಹೋಗುತ್ತಾ? ಹಾಗಿದ್ದರೆ ಮನೆಯೊಳಗಿನ ತೇವ. ಬೆಳಗಿನ ಹೊತ್ತು ಹೊರಮೈಯಲ್ಲಿದ್ದರೆ ಖುಷಿಪಡಿ, ಮನೆಯ ಶಾಖ ಆಚೆ ಸೋರುತ್ತಿಲ್ಲ. ಎರಡು ಗಾಜಿನ ನಡುವೆ ಇದ್ದರೆ ಗಾಜಿನ ಅಂಚಿನ ಸೀಲ್ ಹೋಗಿದೆ.

ಹೊಸಮನೆ_ರೀಡಿಂಗ್: ನಡುವೆಯೇ. ಎರಡೂ ಕಡೆ ಒರೆಸಿ ನೋಡಿದ್ದೆ. ಹೇಳಿರಲಿಲ್ವಾ?

ಗಾಜು_ಗಣಪ: ಇಲ್ಲ! ಗಾಜುಗಳ ಮಧ್ಯದ ಸ್ಪೇಸರ್ ಪಟ್ಟಿಯಲ್ಲಿ ತೇವ ಹೀರುವ ಹರಳು ತುಂಬಿರುತ್ತಾರೆ. ಸೀಲ್ ಬಿಟ್ಟರೆ ಅವು ಕುಡಿಯುವಷ್ಟು ಕುಡಿದು ಕೈಚೆಲ್ಲುತ್ತವೆ. ಫ್ರೇಮ್ ಗಟ್ಟಿಯಿದ್ದರೆ ಇಡೀ ಕಿಟಕಿ ಬದಲಿಸಬೇಕಿಲ್ಲ. ಗಾಜು ಹಿಡಿದಿಡುವ ಬೀಡಿಂಗ್ ಪಟ್ಟಿ ಬಿಚ್ಚಿ ಗಾಜಿನ ಯೂನಿಟ್ ಮಾತ್ರ ಹೊಸದು ಹಾಕಬಹುದು. ತೂತು ಕೊರೆದು ಒಣಗಿಸಿಕೊಡ್ತೀವಿ ಅನ್ನುವವರನ್ನು ನಂಬಬೇಡಿ. ಶಾಖ ತಡೆಯಲು ಗಾಜುಗಳ ನಡುವೆ ತುಂಬಿದ್ದು ಸೋರಿಹೋದ ಆರ್ಗಾನ್ ಅನಿಲ ಅದರಿಂದ ವಾಪಸ್ ಬರುವುದಿಲ್ಲ.

ಅಬರ್ಡೀನ್_ಅಣ್ಣ: ಯುಪಿವಿಸಿ ಪ್ಲಾಸ್ಟಿಕ್ ಫ್ರೇಮೇ ದರಿದ್ರ. ನಮ್ಮದು ಟ್ರಿಪಲ್ ಗ್ಲೇಜಿಂಗ್, ಅಲ್ಯೂಮಿನಿಯಂ ಹೊದಿಸಿದ ಮರ. ಹೊರಗೆ ಬಿರುಗಾಳಿ ಇದ್ದರೂ ಕಿಟಕಿ ಪಕ್ಕ ಇಟ್ಟ ಬಿಸಿಬೇಳೆಬಾತ್ ಆರುವುದಿಲ್ಲ. ಫೋಟೋ ಹಾಕಲಾ?

ಸ್ಲೌ_ಸೀನ: ಮರಕ್ಕೆ ಬಣ್ಣ ಹೊಡೆಯುವವರು ಯಾರು?

ಅಬರ್ಡೀನ್_ಅಣ್ಣ: ಅಲ್ಯೂಮಿನಿಯಂ ಹೊದಿಸಿದ ಅಂದೆನಲ್ಲ. ಓದಿ ಮಾತಾಡಿ.

ಸಾಲದ_ಗಿರಿಜಾ: ಜಗಳ ಆಮೇಲೆ. ಎಕ್ಸ್‌ಚೇಂಜ್, ಅಂದರೆ ಕರಾರು ಪತ್ರ ಕೈಬದಲು, ಆಯ್ತಾ? ಇಂಗ್ಲೆಂಡಿನಲ್ಲಿ ಅಲ್ಲಿಯವರೆಗೆ ಇಬ್ಬರೂ ಹಿಂದೆ ಸರಿಯಬಹುದು. ಆಮೇಲೆ ಚೌಕಾಸಿ ನಡೆಯುವುದಿಲ್ಲ. ಮಾರುವವರು ಮನೆ ವಿವರ ತುಂಬುವ ಟಿಎ6 ಫಾರಂನಲ್ಲಿ ಕಿಟಕಿ ಬಗ್ಗೆ ಏನು ಬರೆದಿದ್ದಾರೆ ನೋಡಿ. 2002ರ ಏಪ್ರಿಲ್ ನಂತರ ಬದಲಿಸಿದ ಕಿಟಕಿಯಾದರೆ ಕೆಲಸ ನಿಯಮದಂತೆ ಆಗಿದೆ ಎನ್ನುವ, ಫೆನ್ಸಾದಂಥ ಕಿಟಕಿ ನೋಂದಣಿ ಸಂಸ್ಥೆಯ ಸರ್ಟಿಫಿಕೇಟ್ ಇರಬೇಕು, ಇಲ್ಲವೇ ಕೌನ್ಸಿಲಿನ ಬಿಲ್ಡಿಂಗ್ ಕಂಟ್ರೋಲ್ (ಕಟ್ಟಡ ನಿಯಮ ನೋಡುವ ವಿಭಾಗ) ಕಾಗದ. ಗ್ಯಾರಂಟಿ ಬಾಕಿ ಇದ್ದರೆ ನಿಮ್ಮ ಹೆಸರಿಗೆ ಬರುತ್ತಾ ಅಂತ ಸಾಲಿಸಿಟರ್ ಕೈಲಿ ಕೇಳಿಸಿ. ಕಾಗದ ಇಲ್ಲ, ಮುಂದೆ ಅದರಿಂದ ನಷ್ಟವಾದರೆ ತುಂಬುವ ಇಂಡೆಮ್ನಿಟಿ ಇನ್ಶೂರೆನ್ಸ್ ಕೊಡಿಸ್ತೀವಿ ಅಂದರೆ ಮರುಳಾಗಬೇಡಿ. ಅದು ಮಂಜು ಒರೆಸಲ್ಲ. ಮನೆಯ ಸ್ಥಿತಿ ನೋಡುವ ಸರ್ವೇಯಲ್ಲಿ ಏನಿತ್ತು?

ಹೊಸಮನೆ_ರೀಡಿಂಗ್: ಎಕ್ಸ್‌ಚೇಂಜ್ ಬರುವ ಶುಕ್ರವಾರ. ಮಧ್ಯಮ ಮಟ್ಟದ, ಲೆವೆಲ್ 2 ಸರ್ವೇ ಮಾಡಿಸಿದ್ದೆ. ಕಿಟಕಿಗೆ 2 ಅಂತ ಇತ್ತು. ಮೂರಕ್ಕೆ ಎರಡು ಬಂದಿದೆ, ಪಾಸ್ ಅಂದುಕೊಂಡೆ.

ಸಾಲದ_ಗಿರಿಜಾ: ಅಯ್ಯೋ, 1 ಅಂದರೆ ಚೆನ್ನಾಗಿದೆ, 3 ಅಂದರೆ ತುಂಬಾ ಕೆಟ್ಟಿದೆ! 2 ಅಂದರೆ ರಿಪೇರಿ ಬೇಕು ಮಾರಾಯ್ರೆ.

ಅಬರ್ಡೀನ್_ಅಣ್ಣ: ಸ್ಕಾಟ್ಲೆಂಡಿನಲ್ಲಿ ಸರ್ವೇ ಇರುವ ಹೋಮ್ ರಿಪೋರ್ಟನ್ನು ಮಾರುವವರೇ ಕೊಡಬೇಕು. ಈ ತಾಪತ್ರಯವೇ ಇಲ್ಲ.

ಗಾಜು_ಗಣಪ: ರೀಡಿಂಗ್ ಅವರೇ, ನಾಳೆಯೇ ಹೋಗಿ ಕೆಟ್ಟ ಗಾಜು ಎಷ್ಟು ಎಣಿಸಿ. ಬಿಸಿಲಿದ್ದರೆ ಮಂಜು ಕಾಣದೇ ಇರಬಹುದು, ಆಗ ಗಾಜಿನ ನಡುವೆ ಬಿಳಿ ಕಲೆ ಹುಡುಕಿ. ಗಾಜಿನವರಿಂದ ಖರ್ಚಿನ ಕೋಟ್ ತಗೊಂಡು ಅಷ್ಟು ಬೆಲೆ ಇಳಿಸಲು ಕೇಳಿ.

ಹೊಸಮನೆ_ರೀಡಿಂಗ್: ಎಣಿಸಿದೆ. ಒಂಬತ್ತು. ಏಜೆಂಟ್ ಫೋನ್ ಎತ್ತುತ್ತಿಲ್ಲ.

ಸ್ಲೌ_ಸೀನ: ಅಲ್ಲಿಯವರೆಗೆ ಡಿಹ್ಯುಮಿಡಿಫೈಯರ್ ಇಟ್ಟು ನೋಡಬಹುದಿತ್ತು.

ಅಬರ್ಡೀನ್_ಅಣ್ಣ: ಫೋಟೋ ಹಾಕಿದ್ದೇನೆ. ಯಾರೂ ನೋಡಲಿಲ್ವಾ?