ಪ್ರಶ್ನೋತ್ತರ: ತಳಿ ತಿಳಿಯದ ನಾಯಿಮರಿ ಕೈ ಕಚ್ಚುತ್ತದೆ, ಪಳಗಿಸುವುದು ಹೇಗೆ?

ಪ್ರಶ್ನೆ

ಡಾಕ್ಟರಿಗೆ ನಮಸ್ಕಾರಗಳು. ಎಂಟು ವಾರದ ಹೆಣ್ಣು ಮರಿಯೊಂದನ್ನು ಮನೆಗೆ ತಂದು ಎರಡು ವಾರವಾಯಿತು. ತಾಯಿ ಮಿಶ್ರತಳಿಯದು, ತಂದೆ ಯಾವುದೆಂದು ಮರಿ ಕೊಟ್ಟವರಿಗೂ ಗೊತ್ತಿಲ್ಲ. ಆಟಕ್ಕೆಂದು ಕೈಯೊಡ್ಡಿದರೆ ಸಾಕು, ಸೂಜಿಯಂಥ ಹಲ್ಲುಗಳಿಂದ ಕಚ್ಚುತ್ತದೆ, ಮಗಳ ಮುಂಗೈ ತುಂಬ ಗೀರುಗಳಾಗಿವೆ. ಮರಿಯ ಅಗಲವಾದ ತಲೆಯನ್ನು ನೋಡಿದ ಪರಿಚಿತರೊಬ್ಬರು, ಇದರಲ್ಲಿ ಕಾವಲು ನಾಯಿಯ ರಕ್ತವಿದೆ, ಈಗಲೇ ಎರಡೇಟು ಕೊಟ್ಟು ಹದ್ದುಬಸ್ತಿನಲ್ಲಿಡದಿದ್ದರೆ ಮುಂದೆ ಕೈಗೆ ಸಿಗುವುದಿಲ್ಲ ಎಂದು ಹೆದರಿಸಿದ್ದಾರೆ. ಮತ್ತೊಬ್ಬರು ಲಸಿಕೆಗಳೆಲ್ಲ ಮುಗಿಯುವವರೆಗೆ ಹೊಸ್ತಿಲು ದಾಟಿಸಬೇಡಿ ಎಂದಿದ್ದಾರೆ. ಮೊದಲ ಲಸಿಕೆ ಹಾಕಿಸಿ ಹತ್ತು ದಿನಗಳಾಗಿವೆ. ಡಿಎನ್‌ಎ ಪರೀಕ್ಷೆ ಮಾಡಿಸಿ ತಳಿಯನ್ನು ತಿಳಿದುಕೊಂಡ ಮೇಲೆ ತರಬೇತಿ ಆರಂಭಿಸುವುದು ಒಳ್ಳೆಯದೇ?

ಉತ್ತರ

ನಮಸ್ಕಾರ. ಹೊಸ್ತಿಲಿನ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ವಿಷಯಗಳು ಒಂದೆರಡು ವಾರ ಕಾಯಬಲ್ಲವು, ಇದು ಕಾಯುವುದಿಲ್ಲ.

ನಾಯಿಮರಿಯ ಬದುಕಿನಲ್ಲಿ ಸುಮಾರು ಮೂರನೆಯ ವಾರದಿಂದ ಹನ್ನೆರಡು, ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಕುತೂಹಲವು ಭಯಕ್ಕಿಂತ ಹೆಚ್ಚಾಗಿರುತ್ತದೆ. ಆಗ ನೆಮ್ಮದಿಯಿಂದ ಕಂಡ ಮನುಷ್ಯರು, ಕೇಳಿದ ಸದ್ದುಗಳು, ಕಾಲಿಟ್ಟ ನೆಲ ಎಲ್ಲವೂ ಅದಕ್ಕೆ ಜೀವನಪೂರ್ತಿ ಸಹಜವೆನಿಸುತ್ತವೆ. ಆಗ ಕಾಣದೇ ಹೋದದ್ದನ್ನು ಮುಂದೆ ಒಪ್ಪಿಕೊಳ್ಳಲು ಬಹಳ ಕಷ್ಟಪಡುತ್ತದೆ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಹಲವು ವರ್ಷ ಮರಿಗಳನ್ನು ಸಾಕಿ ನೋಡಿ 1965ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ಲಸಿಕೆಯ ಸರಣಿಯಾದರೋ ಮೂರ್ನಾಲ್ಕು ವಾರಗಳಿಗೊಮ್ಮೆ ನಡೆದು ಹದಿನಾರನೆಯ ವಾರ ದಾಟುವವರೆಗೂ ಮುಗಿಯುವುದಿಲ್ಲ. ತಾಯಿಯಿಂದ ಬಂದ ರೋಗನಿರೋಧಕ ಕಣಗಳು ಲಸಿಕೆಯ ಕೆಲಸಕ್ಕೆ ಅಡ್ಡ ಬರುವುದರಿಂದ, ಮತ್ತು ಅವು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತವೆಂದು ಹೊರಗಿನಿಂದ ತಿಳಿಯದಿರುವುದರಿಂದ, ಅಷ್ಟು ಸಲ ಹಾಕಬೇಕಾಗುತ್ತದೆ. ಅದು ಮುಗಿಯಲೆಂದು ಮರಿಯನ್ನು ಒಳಗೇ ಕೂರಿಸಿದರೆ, ಬಾಗಿಲು ತೆರೆಯುವ ಹೊತ್ತಿಗೆ ಕಲಿಯುವ ಕಾಲ ಮುಚ್ಚಿಹೋಗಿರುತ್ತದೆ.

ಹಾಗೆಂದು ಪಾರ್ವೊ ಮತ್ತು ಡಿಸ್ಟೆಂಪರ್ ರೋಗಗಳ ಭಯ ಸುಳ್ಳಲ್ಲ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನನ್ನ ಮೇಜಿನ ಮೇಲೆಯೇ ಅದಕ್ಕೆ ಬಲಿಯಾದ ಮರಿಗಳನ್ನು ನಾನು ಮರೆತಿಲ್ಲ. ಆದ್ದರಿಂದ ಬೇರೆ ನಾಯಿಗಳು ಓಡಾಡುವ ನೆಲದ ಮೇಲೆ ಮರಿಯನ್ನು ಬಿಡಬೇಡಿ, ಎತ್ತಿಕೊಂಡು ಹೋಗಿ. ಜೋಳಿಗೆಯಂಥ ಚೀಲದಲ್ಲಿ ತಲೆ ಹೊರಗೆ ಬರುವಂತೆ ಕೂರಿಸಿಕೊಂಡು ಹತ್ತು ನಿಮಿಷ ರಸ್ತೆಬದಿಯಲ್ಲಿ ನಿಂತರೆ, ವಾಹನದ ಸದ್ದು, ಕೊಡೆ ಹಿಡಿದವರು, ಗಡ್ಡದವರು, ಓಡುವ ಮಕ್ಕಳು, ಸೈಕಲ್ಲು ಎಲ್ಲವೂ ಅದರ ಕಣ್ಣ ಮುಂದೆ ಹಾದುಹೋಗುತ್ತವೆ. ಲಸಿಕೆ ಪೂರ್ಣವಾಗಿರುವ, ಸಾಧು ಸ್ವಭಾವದ ದೊಡ್ಡ ನಾಯಿಯಿರುವ ಸ್ನೇಹಿತರ ಮನೆಗೂ ಕರೆದೊಯ್ಯಬಹುದು. ಪ್ರಾಣಿವರ್ತನೆಯನ್ನು ಅಧ್ಯಯನ ಮಾಡುವ ಅಮೆರಿಕದ ಪಶುವೈದ್ಯರ ಸಂಘವೊಂದು 2008ರಲ್ಲಿ ನೀಡಿದ ಸಲಹೆಯೂ ಇದೇ ಬಗೆಯದು: ಮೊದಲ ಲಸಿಕೆ ಮತ್ತು ಜಂತುಹುಳುವಿನ ಔಷಧಿ ಆಗಿ ಕನಿಷ್ಠ ಏಳು ದಿನ ಕಳೆದ ಮರಿ, ಏಳೆಂಟು ವಾರದ ವಯಸ್ಸಿನಿಂದಲೇ ಮರಿಗಳ ತರಗತಿಗೆ ಹೋಗಬಹುದು. ನಿಮ್ಮ ಮರಿಗೆ ಹತ್ತು ದಿನಗಳಾಗಿವೆ, ನಾಳೆಯಿಂದಲೇ ಆರಂಭಿಸಿ.

ಇನ್ನು ತಳಿಯ ವಿಚಾರ. ತಲೆಯ ಅಗಲ, ಕಿವಿಯ ಮಡಿಕೆ, ಬಣ್ಣ ಇವುಗಳಿಂದ ಮಿಶ್ರತಳಿಯ ಮೂಲವನ್ನು ಊಹಿಸುವುದರಲ್ಲಿ ದಿನವೂ ನಾಯಿಗಳ ನಡುವೆಯೇ ಇರುವ ನಾವೂ ಎಷ್ಟೋ ಸಲ ತಪ್ಪುತ್ತೇವೆ. ಊಹೆ ಸರಿಯಾದರೂ ಅದರಿಂದ ಸ್ವಭಾವ ತಿಳಿಯುವುದು ಅಲ್ಪ. 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರ ಉತ್ತರಗಳನ್ನು ಮತ್ತು 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎಯನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾಯಿ ನಾಯಿಯ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಶೇಕಡಾ 9ರಷ್ಟು ಮಾತ್ರ ಎಂದು ಕಂಡುಬಂದಿತು. ಡಿಎನ್‌ಎ ಪರೀಕ್ಷೆ ಮಾಡಿಸುವುದಾದರೆ ಆನುವಂಶಿಕ ಕಾಯಿಲೆಗಳ ಸುಳಿವಿಗಾಗಿ ಮಾಡಿಸಿ. ತರಬೇತಿಗೆ ಅದರ ಅಗತ್ಯವಿಲ್ಲ.

ಕಚ್ಚುವುದಕ್ಕೆ ಬರೋಣ. ಹತ್ತು ವಾರದ ಮರಿ ಕಚ್ಚುವುದು ಕ್ರೌರ್ಯವಲ್ಲ. ಬಾಯಿಯೇ ಅದರ ಕೈ. ಒಡಹುಟ್ಟಿದ ಮರಿಗಳೊಡನೆ ಆಡುವಾಗ ಜೋರಾಗಿ ಕಚ್ಚಿದರೆ ಎದುರಿನ ಮರಿ ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಹೀಗೆ ಹತ್ತಾರು ಸಲ ಆಟ ಕೆಟ್ಟಾಗ ಮರಿಗೆ ತನ್ನ ದವಡೆಯ ಬಲದ ಅಂದಾಜು ಸಿಗುತ್ತದೆ. ಆ ಪಾಠವನ್ನು ಈಗ ನೀವು ಮುಂದುವರಿಸಬೇಕು. ಮಗಳು ನೆಲದ ಮೇಲೆ ಕುಳಿತು ಗಂಟು ಹಾಕಿದ ಹಗ್ಗದ ಆಟಿಕೆಯನ್ನು ಮರಿಯ ಬಾಯಿಗೆ ಕೊಡಲಿ. ಹಲ್ಲು ಹಗ್ಗದ ಮೇಲಿರುವವರೆಗೆ ಆಟ ನಡೆಯಲಿ. ಚರ್ಮಕ್ಕೆ ತಾಗಿದ ಕ್ಷಣವೇ ಕೈಯನ್ನು ಸಡಿಲ ಬಿಡಬೇಕು. ಸರಕ್ಕನೆ ಎಳೆದುಕೊಂಡರೆ ಅದು ಮರಿಯ ಕಣ್ಣಿಗೆ ತಪ್ಪಿಸಿಕೊಳ್ಳುವ ಬೇಟೆಯಂತೆ ಕಾಣುತ್ತದೆ. ಆಮೇಲೆ ಎದ್ದು, ಮಾತಿಲ್ಲದೆ ಬೆನ್ನು ತಿರುಗಿಸಿ, ಇಪ್ಪತ್ತು ಎಣಿಸಿ, ಮತ್ತೆ ಹಗ್ಗದೊಂದಿಗೆ ಕೂರಬೇಕು. ಮನೆಯ ಎಲ್ಲರೂ ಹೀಗೆಯೇ ಮಾಡಬೇಕು. ಒಬ್ಬರು ಬರಿಗೈಯಲ್ಲಿ ಕುಸ್ತಿಯಾಡಿದರೆ ಉಳಿದವರ ಶ್ರಮ ವ್ಯರ್ಥ. ಹಾಲುಹಲ್ಲುಗಳು ಬಿದ್ದು 42 ಶಾಶ್ವತ ಹಲ್ಲುಗಳು ಬರುವ ಆರೇಳು ತಿಂಗಳವರೆಗೂ ಒಸಡಿನ ತುರಿಕೆ ಇರುವುದರಿಂದ, ಅಗಿಯಲು ತಕ್ಕ ವಸ್ತು ಸದಾ ಅದರ ಎಟುಕಿನಲ್ಲಿರಲಿ.

ಹೊಡೆಯುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಏಟು ತಿಂದ ಮರಿ ಕೈಗೆ ಹೆದರುವುದನ್ನು ಕಲಿಯುತ್ತದೆ, ಮತ್ತು ಗುರ್ರೆಂದರೆ ಪೆಟ್ಟು ಬೀಳುತ್ತದೆಂದು ತಿಳಿದು ಆ ಎಚ್ಚರಿಕೆಯನ್ನೇ ನುಂಗಿಕೊಳ್ಳುತ್ತದೆ. ಸೂಚನೆಯಿಲ್ಲದೆ ಕಚ್ಚಿತೆಂದು ನನ್ನ ಬಳಿಗೆ ಕರೆತಂದ ದೊಡ್ಡ ನಾಯಿಗಳಲ್ಲಿ ಇಂಥ ಹಿನ್ನೆಲೆಯವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ

ನಮ್ಮ ಮಿಶ್ರತಳಿಯ ನಾಯಿಗೆ ಏಳು ತಿಂಗಳು. ಅದನ್ನು ಹೊರಗೆ ಬಿಡದೆ ಬೆಳೆಸಿದೆವು. ಈಗ ಗೇಟು ದಾಟಿದರೆ ಬಾಲವನ್ನು ಹೊಟ್ಟೆಯಡಿಗೆ ಸೇರಿಸಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಕಾಲ ಮೀರಿತೇ?

ಉತ್ತರ

ಮೀರಿಲ್ಲ, ಆದರೆ ವಾರಗಳಲ್ಲಿ ಆಗಬೇಕಿದ್ದ ಕೆಲಸಕ್ಕೆ ತಿಂಗಳುಗಳು ಬೇಕಾಗುತ್ತವೆ. ಎಳೆದುಕೊಂಡು ಹೋಗಬೇಡಿ. ಗೇಟಿನ ಒಳಗೇ, ರಸ್ತೆ ಕಾಣುವಷ್ಟು ದೂರದಲ್ಲಿ ಕುಳಿತು, ಅದಕ್ಕೆ ಅತ್ಯಂತ ಇಷ್ಟವಾದ ತಿನಿಸನ್ನು ಕಾಳಿನಷ್ಟು ಚಿಕ್ಕ ತುಣುಕುಗಳಲ್ಲಿ ಕೊಡಿ. ತಿನ್ನುತ್ತಿದ್ದರೆ ಆ ದೂರವನ್ನು ಅದು ತಡೆದುಕೊಳ್ಳಬಲ್ಲದೆಂದು ತಿಳಿಯಿರಿ; ಮೂಗಿನೆದುರು ಹಿಡಿದರೂ ಮುಟ್ಟದಿದ್ದರೆ ಹೆದರಿದೆ ಎಂದರ್ಥ, ಎದ್ದು ನಾಲ್ಕು ಹೆಜ್ಜೆ ಹಿಂದಕ್ಕೆ ಬನ್ನಿ. ದಿನಕ್ಕೆ ಐದು ನಿಮಿಷ ಸಾಕು. ತಿಂಗಳು ಕಳೆದರೂ ಏನೂ ಬದಲಾಗದಿದ್ದರೆ ನಾಯಿಯನ್ನು ಪಶುವೈದ್ಯರಿಗೆ ಖುದ್ದಾಗಿ ತೋರಿಸಬೇಕು, ಏಕೆಂದರೆ ಕೀಲುನೋವಿರುವ ನಾಯಿಯೂ ಹೀಗೆಯೇ ಕುಗ್ಗುತ್ತದೆ.

ಮೊದಲು ಕೇಳಿದವರ ಮರುಪ್ರಶ್ನೆ

ಡಾಕ್ಟರೇ, ಐದು ದಿನಗಳಿಂದ ನೀವು ಹೇಳಿದಂತೆ ನಡೆಯುತ್ತಿದ್ದೇವೆ. ಹಗಲಿನಲ್ಲಿ ಕಚ್ಚುವುದು ಕಡಿಮೆಯಾಗಿದೆ. ಆದರೆ ಸಂಜೆ ಏಳರ ಹೊತ್ತಿಗೆ ಹುಚ್ಚೆದ್ದಂತೆ ಮನೆಯೆಲ್ಲ ಓಡಿ ಬಟ್ಟೆ ಹಿಡಿದೆಳೆಯುತ್ತದೆ, ಬೆನ್ನು ತಿರುಗಿಸಿದರೆ ಕಾಲು ಕಚ್ಚುತ್ತದೆ. ಮನೆಯೊಳಗೆ ಮೂತ್ರ ಮಾಡುವುದೂ ನಿಂತಿಲ್ಲ.

ಉತ್ತರ

ಸಂಜೆಯ ಆ ಓಟ ಬಹುಮಟ್ಟಿಗೆ ನಿದ್ದೆಗೆಟ್ಟ ಮಗುವಿನ ರಚ್ಚೆಯಂಥದ್ದು. ಈ ವಯಸ್ಸಿನ ಮರಿ ದಿನಕ್ಕೆ ಹದಿನೆಂಟರಿಂದ ಇಪ್ಪತ್ತು ಗಂಟೆ ಮಲಗಬೇಕು. ಜನರಿರುವ ಮನೆಯಲ್ಲಿ ಯಾರಾದರೊಬ್ಬರು ಎಬ್ಬಿಸುತ್ತಲೇ ಇರುತ್ತಾರೆ. ಒಂದು ಗಂಟೆ ಎಚ್ಚರವಿದ್ದ ಮೇಲೆ ಅದನ್ನು ಕತ್ತಲೆಯ ಮೂಲೆಯಲ್ಲಿಟ್ಟ ಹಾಸಿಗೆಗೆ ಕರೆದೊಯ್ದು, ಅಗಿಯಲು ಏನಾದರೂ ಕೊಟ್ಟು, ಮಲಗಿರುವಾಗ ಮುಟ್ಟಬಾರದೆಂದು ಮಗಳಿಗೆ ತಿಳಿಹೇಳಿ. ಆರೂವರೆಗೇ ಮಲಗಿಸಿದರೆ ಏಳರ ಗಲಾಟೆ ಬಹುಪಾಲು ತಪ್ಪುತ್ತದೆ.

ಮೂತ್ರದ ವಿಷಯದಲ್ಲಿ, ವಯಸ್ಸಿನ ತಿಂಗಳುಗಳಿಗೆ ಒಂದನ್ನು ಸೇರಿಸಿದರೆ ಬರುವಷ್ಟು ಗಂಟೆಗಳ ಕಾಲ ಮರಿ ತಡೆದುಕೊಳ್ಳಬಲ್ಲದೆಂಬ ಲೆಕ್ಕವಿದೆ, ಆದರೆ ಅದು ಸುಮ್ಮನಿರುವಾಗಿನ ಗರಿಷ್ಠ ಮಿತಿ. ಎದ್ದ ಕೂಡಲೇ, ಉಂಡ ಹತ್ತು ಹದಿನೈದು ನಿಮಿಷಕ್ಕೆ ಮತ್ತು ಆಟದ ನಡುವೆಯೂ ಹೊರಗೆ ಕರೆದೊಯ್ಯಬೇಕು. ಹೊರಗೆ ಎಂದರೆ ಬೇರೆ ನಾಯಿಗಳು ಬಾರದ, ನಿಮ್ಮದೇ ಅಂಗಳದ ಒಂದು ಗೊತ್ತಾದ ಜಾಗ. ಆಡುತ್ತಿದ್ದ ಮರಿ ತಟ್ಟನೆ ಆಟ ನಿಲ್ಲಿಸಿ, ಮೂಗನ್ನು ನೆಲಕ್ಕೆ ತಾಗಿಸಿ ಸುತ್ತತೊಡಗಿದರೆ ನಿಮಗೆ ಉಳಿದಿರುವುದು ಕೆಲವೇ ಕ್ಷಣ. ಹೊರಗೆ ಮಾಡಿ ಮುಗಿಸಿದ ಕೂಡಲೇ, ಅಲ್ಲಿಯೇ ತಿನಿಸು ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತೆಂದು ಅದು ತಿಳಿಯುತ್ತದೆ. ಒಳಗೆ ಮಾಡಿದ ಜಾಗವನ್ನು ಅಮೋನಿಯ ಇರುವ ದ್ರಾವಣದಿಂದ ಒರೆಸಬೇಡಿ, ಆ ವಾಸನೆ ಮೂತ್ರದ್ದನ್ನೇ ಹೋಲುತ್ತದೆ. ಕಿಣ್ವಗಳಿರುವ ದ್ರಾವಣವನ್ನು ಬಳಸಿ. ಪದೇ ಪದೇ ಹನಿಹನಿಯಾಗಿ ಮಾಡುತ್ತಿದ್ದರೆ ಅಥವಾ ಮೂತ್ರದ ಬಣ್ಣ ಕೆಂಪಾಗಿದ್ದರೆ, ತರಬೇತಿಯನ್ನು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಣ್ಣು ಮರಿಗಳಲ್ಲಿ ಮೂತ್ರಕೋಶದ ಸೋಂಕು ಅಪರೂಪವಲ್ಲ.