ಚಾರ್ಜರ್ ಹಾಕಿದರೆ ಸ್ಪೀಕರಿನಲ್ಲಿ ಗುಂಯ್ ಸದ್ದು, ತಂಬೂರಿ ಕೇಳಿಸುವುದೇ ಇಲ್ಲ

ಹೊಸಬ_ಮೈಸೂರು:
ಎಲ್ಲರಿಗೂ ನಮಸ್ಕಾರ. ರಾತ್ರಿ ಊಟ ಆದಮೇಲೆ ಸಣ್ಣ ದನಿಯಲ್ಲಿ ವೀಣೆ, ಹಾಡುಗಾರಿಕೆ ಕೇಳುವ ಅಭ್ಯಾಸ ನನಗೆ. ಲ್ಯಾಪ್‌ಟಾಪಿನ ಸ್ಪೀಕರ್ ಸಾಲಲ್ಲ ಅಂತ ಒಂದು ಜೊತೆ ಪುಟ್ಟ ಡೆಸ್ಕ್‌ಟಾಪ್ ಸ್ಪೀಕರ್ ತಂದೆ. ಅದಕ್ಕೆ ಕರೆಂಟ್ ಯುಎಸ್‌ಬಿಯಿಂದ, ಹಾಡು ಹೆಡ್‌ಫೋನ್ ಜ್ಯಾಕ್‌ನಿಂದ.

ಚಾರ್ಜರ್ ಹಾಕಿದ ಕೂಡಲೇ ಗುಂಯ್ ಅನ್ನುತ್ತದೆ. ಮೌಸ್ ಅಲ್ಲಾಡಿಸಿದರೆ ಕಿರ್ ಕಿರ್ ಅಂತ ಬೇರೆ ಸದ್ದು. ಹಾಡು ನಿಲ್ಲಿಸಿದರೂ ಇವು ನಿಲ್ಲುವುದಿಲ್ಲ. ಸಾಲದ್ದಕ್ಕೆ ಮೃದಂಗ ಡಬ್ಬ ಬಡಿದ ಹಾಗಿದೆ, ತಂಬೂರಿಯನ್ನು ಹುಡುಕಬೇಕು. ಅಂಗಡಿಯವರು "ಈ ಬೆಲೆಗೆ ಇಷ್ಟೇ ಸಾರ್" ಅಂದರು. ಹೊಸದು ತಗೋಬೇಕಾ?

ತನಿಆವರ್ತನ:
ಒಂದು ಯುಎಸ್‌ಬಿ ಡಾಂಗಲ್ (ಹೊರಗಿಂದ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡ್) ತಗೊಳ್ಳಿ ಸರ್. ಲ್ಯಾಪ್‌ಟಾಪ್ ಒಳಗಿನ ಸೌಂಡ್ ಕಾರ್ಡೇ ಸರಿ ಇರುವುದಿಲ್ಲ.

ಬೆಸುಗೆಭಟ್ಟ:
ತಡೀರಿ, ಈಗಲೇ ದುಡ್ಡು ಖರ್ಚು ಮಾಡಿಸಬೇಡಿ. ಡಾಂಗಲ್ ಹಾಕಿದರೂ ಸ್ಪೀಕರ್ ಅದೇ ಲ್ಯಾಪ್‌ಟಾಪಿನಿಂದ ಕರೆಂಟ್ ಎಳೆಯುತ್ತಿದ್ದರೆ ಕಿರ್ ಕಿರ್ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ.

ಸ್ಪೀಕರ್ ಒಳಗಿನ ಆಂಪ್ಲಿಫೈಯರ್‌ಗೆ ಬಂದ ಕರೆಂಟ್ ವಾಪಸ್ ಹೋಗಲು ಇಲ್ಲಿ ಎರಡು ದಾರಿ ಇವೆ. ಒಂದು ಯುಎಸ್‌ಬಿ ವೈರಿನ ಗ್ರೌಂಡ್, ಇನ್ನೊಂದು ಆಡಿಯೊ ವೈರಿನ ಗ್ರೌಂಡ್. ಎರಡೂ ಲ್ಯಾಪ್‌ಟಾಪಿಗೇ ಸೇರುತ್ತವೆ. ಹಾಗಾಗಿ ಒಳಗಿನ ಸರ್ಕ್ಯೂಟಿನ ಗಲಾಟೆಯೆಲ್ಲ ಹಾಡಿನ ವೈರಿಗೆ ನುಗ್ಗುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಮೌಸ್ ಜೊತೆ ಸದ್ದು ಬದಲಾಗುತ್ತದೆ ಅಂದರೆ ಬಹುತೇಕ ಇದೇ.

ಮೊದಲು ಚಾರ್ಜರ್ ತೆಗೆದು ಬರೀ ಬ್ಯಾಟರಿಯಲ್ಲಿ ಕೇಳಿ. ಆಮೇಲೆ ಸ್ಪೀಕರಿನ ಯುಎಸ್‌ಬಿ ಪಿನ್ನನ್ನು ಪವರ್ ಬ್ಯಾಂಕಿಗೆ ಹಾಕಿ. ಕೊನೆಗೆ ಮೊಬೈಲ್ ಚಾರ್ಜರಿಗೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ. ಇನ್ನೊಂದು ಪ್ರಶ್ನೆ: ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತದಾ?

ಹೊಸಬ_ಮೈಸೂರು:
ಭಟ್ರೇ, ಬ್ಯಾಟರಿಯಲ್ಲಿ ಗುಂಯ್ ಇಲ್ಲ, ಕಿರ್ ಕಿರ್ ಮಾತ್ರ ಇದೆ. ಪವರ್ ಬ್ಯಾಂಕಿಗೆ ಹಾಕಿದರೆ ಎರಡೂ ಮಾಯ! ಮೊಬೈಲ್ ಚಾರ್ಜರಿಗೆ ಹಾಕಿದರೆ ಕಿರ್ ಕಿರ್ ಇಲ್ಲ, ಆದರೆ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಗುಂಯ್ ವಾಪಸ್. ಮೈ ಜುಮ್ ಅನ್ನುವುದು ಹೌದು, ಎಲ್ಲ ಲ್ಯಾಪ್‌ಟಾಪೂ ಹಾಗೇ ಇರಬೇಕು ಅಂತ ಸುಮ್ನಿದ್ದೆ. ಚಾರ್ಜರಿನದು ಮೂರು ಪಿನ್, ಅದನ್ನು ಹಾಕಿರುವ ಎಕ್ಸ್‌ಟೆನ್ಶನ್ ಬೋರ್ಡಿನ ತುದಿಯಲ್ಲಿ ಎರಡೇ ಪಿನ್.

ಬೆಸುಗೆಭಟ್ಟ:
ಸಿಕ್ಕಿತು ನೋಡಿ. ಆ ಬೋರ್ಡಿನಲ್ಲಿ ಅರ್ತ್ ಇಲ್ಲ. ಚಾರ್ಜರ್ ಒಳಗೆ ನಾಯ್ಸ್ ತಡೆಯಲು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಸೋರಿಕೆ ಅರ್ತ್ ವೈರಿನಲ್ಲಿ ಹೋಗಬೇಕು. ಅರ್ತ್ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮೈ 230 ವೋಲ್ಟಿನ ಸುಮಾರು ಅರ್ಧದಲ್ಲಿ ತೇಲುತ್ತಿರುತ್ತದೆ. ಕರೆಂಟ್ ತೀರಾ ಕಡಿಮೆ, ಆದ್ದರಿಂದ ಬರೀ ಜುಮ್. ಆ ಸೋರಿಕೆ ಆಡಿಯೊ ವೈರ್ ಹಿಡಿದು ಸ್ಪೀಕರಿಗೆ ಹೋದಾಗ 50 ಹರ್ಟ್ಸಿನ ಗುಂಯ್.

ಅರ್ತ್ ಇರುವ ಗೋಡೆ ಸಾಕೆಟ್ಟಿಗೆ ನೇರವಾಗಿ ಹಾಕಿ. ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇದ್ದರೂ ಹಿಂದೆ ಅರ್ತ್ ವೈರ್ ಇರುವುದಿಲ್ಲ, ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ನೋಡಿಸಿ. ಅರ್ತ್ ಪಿನ್ ಮುರಿದರೆ ಸದ್ದು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಾಡಿಗೋಸ್ಕರ ಶಾಕ್ ಹೊಡೆಸಿಕೊಳ್ಳುವುದು ಬೇಡ. ಇಷ್ಟಾದರೂ ಸದ್ದು ಉಳಿದರೆ ಆಡಿಯೊ ವೈರಿನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ, ಆದರೆ ಅಗ್ಗದವು ಬೇಸ್ ತಿಂದುಬಿಡುತ್ತವೆ.

ಹೊಸಬ_ಮೈಸೂರು:
ಅಡುಗೆಮನೆ ಪಕ್ಕದ ಸಾಕೆಟ್ಟಿನಲ್ಲಿ ಅರ್ತ್ ಇತ್ತು. ಗುಂಯ್ ಹೋಯಿತು, ಜುಮ್ಮೂ ಹೋಯಿತು. ಸ್ಪೀಕರಿಗೆ ಈಗ ಮೊಬೈಲ್ ಚಾರ್ಜರೇ. ತಂಬೂರಿದು ಏನು ಮಾಡಲಿ?

ತನಿಆವರ್ತನ:
ಇದು ನನಗೆ ಬಿಡಿ. ಸ್ಪೀಕರ್ ಎಲ್ಲಿಟ್ಟಿದ್ದೀರಿ? ಲ್ಯಾಪ್‌ಟಾಪ್ ಪರದೆಯ ಹಿಂದೆ ಅಲ್ವಾ? ಎಲ್ಲರೂ ಅಲ್ಲೇ ಇಡುತ್ತಾರೆ! ತಂಬೂರಿಯ ಝೇಂಕಾರ ಇರುವುದು ಮೇಲಿನ ಸ್ವರಾಂಶಗಳಲ್ಲಿ, ಅವು ಪರದೆ ಅಡ್ಡ ಬಂದರೆ ಕಿವಿಗೆ ತಲುಪುವುದಿಲ್ಲ. ಎರಡನ್ನೂ ಮುಂದೆ ತನ್ನಿ. ಅವುಗಳ ನಡುವಿನ ದೂರ ಎಷ್ಟೋ, ನಿಮ್ಮ ತಲೆಗೂ ಅಷ್ಟೇ ದೂರ ಇರಲಿ. ಕೆಳಗೆ ದಪ್ಪ ಪುಸ್ತಕ ಇಟ್ಟು ಮುಖ ಕಿವಿಯ ಕಡೆ ಎತ್ತಿ. ಮೇಜು ಸದ್ದನ್ನು ಚೆಲ್ಲುವುದೂ ಕಡಿಮೆಯಾಗುತ್ತದೆ.

ವಿಂಡೋಸ್ 11 ಇದ್ದರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಒತ್ತಿ, ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ಸರೌಂಡ್ ಅಂತೆಲ್ಲ ಇರುವುದು ಸಿನಿಮಾಕ್ಕೆ ಸರಿ, ಸಂಗೀತ ಕಚೇರಿಗೆ ಬೇಡ. ಲ್ಯಾಪ್‌ಟಾಪ್ ವಾಲ್ಯೂಮ್ ಜಾಸ್ತಿ ಇಟ್ಟು ಸ್ಪೀಕರಿನ ಗುಂಡಿಯಲ್ಲಿ ತಗ್ಗಿಸಿ. ಹಾಡಿನ ಆ್ಯಪ್‌ನಲ್ಲಿ ಕ್ವಾಲಿಟಿ ಆಟೊಮ್ಯಾಟಿಕ್ ಇದ್ದರೆ ಹೈಗೆ ಬದಲಾಯಿಸಿ. ಹಳೇ ಆಕಾಶವಾಣಿ ಕಚೇರಿಗಳನ್ನು ಕ್ಯಾಸೆಟ್ಟಿನಿಂದ ಇಳಿಸಿದ್ದಾದರೆ ಅದರ ಸುಯ್ ರೆಕಾರ್ಡಿಂಗಿನಲ್ಲೇ ಇದೆ, ಸ್ಪೀಕರನ್ನು ಬೈಯಬೇಡಿ.

ಹೊಸಬ_ಮೈಸೂರು:
ಪರದೆ ಹಿಂದೆಯೇ ಇತ್ತು 😄 ಮುಂದೆ ತಂದೆ, ಈಗ ತಂಬೂರಿ ಚೆನ್ನಾಗಿ ಕೇಳುತ್ತಿದೆ. ಮೃದಂಗದ ಎಡ (ದಪ್ಪ ದನಿಯ ಬದಿ) ಮಾತ್ರ ಇನ್ನೂ ತೆಳು. ಈಕ್ವಲೈಜರ್‌ನಲ್ಲಿ ಬೇಸ್ ಏರಿಸಲೇ?

ಬೆಸುಗೆಭಟ್ಟ:
ಜಾಸ್ತಿ ಏರಿಸಬೇಡಿ. ಅಂಗೈಗಿಂತ ಚಿಕ್ಕ ಸ್ಪೀಕರ್ 100 ಹರ್ಟ್ಸ್ ಕೆಳಗೆ ಹೆಚ್ಚೇನೂ ಕೊಡಲಾರದು. ಏರಿಸಿದರೆ ಒಡೆದ ಸದ್ದು ಬರುತ್ತದೆ, ಅಷ್ಟೇ. ಸ್ಪೀಕರನ್ನು ಹಿಂದಿನ ಗೋಡೆಗೆ ಗೇಣು ದೂರಕ್ಕೆ ಸರಿಸಿ ನೋಡಿ, ಎಡ ಸ್ವಲ್ಪ ತುಂಬಿಕೊಳ್ಳುತ್ತದೆ. ಮೂಲೆಗೆ ಮಾತ್ರ ತಳ್ಳಬೇಡಿ, ಎಲ್ಲ ಒಂದೇ ಗುಮ್ಮೆನ್ನುತ್ತದೆ. ಇನ್ನೂ ಬೇಕು ಅಂದರೆ ಸಬ್‌ವೂಫರ್, ಆದರೆ ರಾತ್ರಿ ಊಟ ಆದಮೇಲೆ ಅಂದಿರಲ್ಲ, ಕೆಳಗಿನ ಮನೆಯವರನ್ನು ಕೇಳಿ ತನ್ನಿ.