ಎಂಟು ಸಿಲಿಂಡರೋ, ನಾಲ್ಕು ಸಿಲಿಂಡರೋ? ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕೂಪೆ ಕೊಂಡವರ ಅನುಭವ ಬೇಕು

ಹುಣಸೂರು ರಸ್ತೆ, ಮೈಸೂರು:
ಕೂಪೆ ಎಂಬ ಎರಡು ಬಾಗಿಲಿನ ಮಾದರಿಯ ಎರಡು ಕಾರುಗಳನ್ನು ನೋಡಿಟ್ಟಿದ್ದೇನೆ. ಒಂದು 2017ರ ಫೋರ್ಡ್ ಮಸ್ಟಾಂಗ್ ಜಿಟಿ, ಐದು ಲೀಟರಿನ ವಿ8, ಎಂದರೆ ಎಂಟು ಸಿಲಿಂಡರಿನ ಎಂಜಿನ್, ಬೆಂಗಳೂರು ನೋಂದಣಿ, 21,000 ಕಿ.ಮೀ. ಓಡಿದೆ, 48 ಲಕ್ಷ ಹೇಳುತ್ತಿದ್ದಾರೆ. ಇನ್ನೊಂದು 2016ರ ಆಡಿ ಟಿಟಿ, ನಾಲ್ಕು ಸಿಲಿಂಡರಿನ ಎರಡು ಲೀಟರಿನ ಟರ್ಬೊ ಪೆಟ್ರೋಲ್, 27 ಲಕ್ಷ. ವರ್ಷಕ್ಕೆ ಹೆಚ್ಚೆಂದರೆ 6,000 ಕಿ.ಮೀ. ಓಡಿಸುತ್ತೇನೆ, ತಿಂಗಳಿಗೊಮ್ಮೆ ಮಡಿಕೇರಿ, ವರ್ಷಕ್ಕೊಮ್ಮೆ ಚೆನ್ನೈ ಬಳಿಯ ಇರುಂಗಾಟ್ಟುಕೊಟ್ಟೈ ಟ್ರ್ಯಾಕ್. ಕೊಂಡ ಮೇಲೆ ವರ್ಷದ ಖರ್ಚು ಮೂರು ಲಕ್ಷ ದಾಟಬಾರದು. ಮನೆಯ ಗೇಟಿನ ಮುಂದಿನ ಇಳಿಜಾರು ಕಡಿದಾಗಿರುವುದರಿಂದ ಮಸ್ಟಾಂಗ್‌ನ ಮೂತಿ ನೆಲಕ್ಕೆ ತಗಲುತ್ತದೆಯೇ ಎಂಬುದನ್ನೂ ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಬಸವನಗುಡಿ:
ನಾನು 2021ರ ಜುಲೈನಲ್ಲಿ ಇದೇ ಮಾದರಿಯ ಮಸ್ಟಾಂಗನ್ನು 46 ಲಕ್ಷಕ್ಕೆ ಕೊಂಡೆ. ಎರಡು ತಿಂಗಳು ತುಂಬುವುದರೊಳಗೆ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಮನೆಯವರು, ಸಹೋದ್ಯೋಗಿಗಳು ಎಲ್ಲರೂ ಸಿಕ್ಕಷ್ಟಕ್ಕೆ ಮಾರಿಬಿಡು ಎಂದರು. ನಾನು ಮಾರಲಿಲ್ಲ, ಇಂದಿಗೂ ಅದಕ್ಕೆ ಸಂತೋಷಪಡುತ್ತೇನೆ. ಈ ಕಾರು ಇಲ್ಲಿ ತಯಾರಾದದ್ದೇ ಅಲ್ಲ, ಪೂರ್ತಿ ಆಮದಾದದ್ದು. ಬಿಡಿಭಾಗ ಆಗಲೂ ಹೊರಗಿನಿಂದಲೇ ಬರುತ್ತಿತ್ತು, ಈಗಲೂ ಅಲ್ಲಿಂದಲೇ ಬರುತ್ತದೆ.

ನಾಲ್ಕು ವರ್ಷ, 24,000 ಕಿ.ಮೀ. ಓಟದ ಲೆಕ್ಕವನ್ನು ಪುಸ್ತಕದಿಂದ ನೋಡಿಕೊಂಡೇ ಬರೆಯುತ್ತಿದ್ದೇನೆ. ಪೆಟ್ರೋಲ್ ಲೀಟರಿಗೆ ಆರು ಕಿಲೋಮೀಟರಿನಂತೆ 4,08,000. ವಿಮೆ ಮೊದಲ ವರ್ಷ 1,38,000, ಆಮೇಲೆ 1,29,000, 1,21,000, 1,18,000, ಒಟ್ಟು 5,06,000. ಟೈರು ಒಂದು ಸೆಟ್ 1,24,000. ಸರ್ವಿಸ್ 1,71,000, ಒಂದು ಸಲಕ್ಕೆ ಏಳೂವರೆ ಲೀಟರಿಗಿಂತ ಹೆಚ್ಚು ಎಂಜಿನ್ ಆಯಿಲ್ ಕುಡಿಯುತ್ತದೆ ಎಂಬುದು ನೆನಪಿರಲಿ. ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್ 1,36,000. ಎಲ್ಲ ಸೇರಿ 13,45,000, ಎಂದರೆ ಕಿಲೋಮೀಟರಿಗೆ 56 ರೂಪಾಯಿ. ಎಲ್ಲರೂ ಪೆಟ್ರೋಲಿಗೆ ಹೆದರುತ್ತಾರೆ. ನನ್ನ ಕೈಯಿಂದ ಹೆಚ್ಚು ಹೋದದ್ದು ವಿಮೆಗೆ.

ಈ ಲೆಕ್ಕದಲ್ಲಿ ಸೇರಿಸದಿರುವುದು ಒಂದಿದೆ. ಕನಕಪುರ ರಸ್ತೆಯಲ್ಲಿ ಲಾರಿಯೊಂದು ಹಿಂದಕ್ಕೆ ಬಂದು ಮುಂದಿನ ಬಂಪರ್ ಒಡೆಯಿತು. ಕಾರಿಗೆ ಐದು ವರ್ಷ ಮೀರಿದ್ದರಿಂದ ವಿಮಾ ಕಂಪನಿಯವರು ಝೀರೋ ಡೆಪ್ (ಸವಕಳಿ ಕಳೆಯದೆ ಪರಿಹಾರ ಕೊಡುವ ವಿಮೆ) ಕೊಟ್ಟಿರಲಿಲ್ಲ. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಸವಕಳಿ ಎಂಬ ನಿಯಮದಂತೆ 1,64,000ದ ಬಂಪರಿಗೆ 82,000 ನಾನೇ ಕಟ್ಟಿದೆ.

ಇಷ್ಟಾದರೂ ಬೆಳಗಿನ ಐದೂವರೆಗೆ ಎಂಜಿನ್ ಶುರು ಮಾಡಿದಾಗ ಮೊದಲ ಅರ್ಧ ನಿಮಿಷ ಅದು ಗಡುಸಾಗಿ ಗುಡುಗಿ, ಎಂಜಿನ್ ವೇಗದ ಮುಳ್ಳು ಇಳಿದ ಮೇಲೆ ಮೆತ್ತಗಾಗುವುದನ್ನು ಕೇಳುತ್ತಾ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂರುವ ಸುಖಕ್ಕೆ ನಾನು ಯಾವ ನಾಲ್ಕು ಸಿಲಿಂಡರಿನ ಕಾರನ್ನೂ ಬದಲಿಗೆ ಒಪ್ಪಲಾರೆ.

ಹುಬ್ಬಳ್ಳಿ:
ಬಸವನಗುಡಿಯವರ ಲೆಕ್ಕ ಅದೃಷ್ಟವಂತರ ಲೆಕ್ಕ. ನನ್ನದನ್ನೂ ಕೇಳಿ. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರು ಆಗ ಓಡಿಸುವಂತಿರಲಿಲ್ಲವಾದ್ದರಿಂದ ವಯಸ್ಸಾಗುತ್ತಿರುವ ಕೂಪೆಗಳು ಅಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಹನ್ನೊಂದು ವರ್ಷದ ಎರಡು ಬಾಗಿಲಿನ ಯುರೋಪಿಯನ್ ಕಾರನ್ನು 14,00,000ಕ್ಕೆ ಕೊಂಡೆ. ಕಂಪನಿಯ ಹೆಸರು ಇಲ್ಲಿ ಬೇಡ. ಎನ್‌ಒಸಿ (ಅಲ್ಲಿಯ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ತರಿಸಿ ಇಲ್ಲಿ ಮತ್ತೆ ಕಟ್ಟಿದ ಲೈಫ್ ಟ್ಯಾಕ್ಸ್ (ನೋಂದಣಿಗೆ ಒಮ್ಮೆಗೇ ಕಟ್ಟುವ ತೆರಿಗೆ) 3,62,000. ಮೂರನೆಯ ತಿಂಗಳಲ್ಲಿ ಧಾರವಾಡದ ಬೈಪಾಸಿನಲ್ಲಿ ಗೇರು ಎರಡರಲ್ಲೇ ನಿಂತುಬಿಟ್ಟಿತು. ಗೇರ್‌ಬಾಕ್ಸಿನ ನಿಯಂತ್ರಣ ಘಟಕ ಹೋಗಿದೆ ಎಂದರು. ಗ್ಯಾರೇಜಿನವರ ಮಾತು ನಂಬಿ ಶಾರ್ಜಾದಿಂದ ಹಳೆಯ ಘಟಕವನ್ನು 1,75,000ಕ್ಕೆ ತರಿಸಿದೆ; ಅದು ನಮ್ಮ ಕಾರಿನ ಕಂಪ್ಯೂಟರಿಗೆ ಹೊಂದಲೇ ಇಲ್ಲ. ಆಮೇಲೆ ಹೊಸದಕ್ಕೆ 4,60,000. ಬೆಂಗಳೂರಿಗೆ ಫ್ಲಾಟ್‌ಬೆಡ್ ಲಾರಿಯಲ್ಲಿ ಎರಡು ಸಲ ಸಾಗಿಸಿದ್ದಕ್ಕೆ 56,000. ಒಟ್ಟು 24,53,000.

ದುಡ್ಡಿನ ಮಾತು ಹಾಗಿರಲಿ. ಏಳು ತಿಂಗಳಾದ ಮೇಲೆ ಗ್ಯಾರೇಜಿಗೆ ನೋಡಲು ಹೋದಾಗ ಟಾರ್ಪಾಲಿನ ಅಡಿಯಲ್ಲಿ ಕಾರು ನಾಲ್ಕೂ ಚಕ್ರದ ಗಾಳಿ ಇಳಿದು ಕುಳಿತಿತ್ತು. ಬಾನೆಟ್ ಎತ್ತಿದರೆ ಒಳಹೊದಿಕೆಯ ಹತ್ತಿಯನ್ನು ಇಲಿ ಕಿತ್ತು ಬ್ಯಾಟರಿಯ ಪಕ್ಕದಲ್ಲಿ ಗೂಡು ಮಾಡಿತ್ತು. ಈಗ ಓಡುತ್ತಿದೆ, ಆದರೆ ಊರು ಬಿಟ್ಟು ಹೊರಗೆ ಒಯ್ಯಲು ನನಗೆ ಧೈರ್ಯ ಸಾಲದು. ಬೆಳಗಿನ ಗುಡುಗಿನ ವರ್ಣನೆ ಓದಿ ಹೊಸಬರು ಮೋಸಹೋಗದಿರಲಿ.

ಪೀಣ್ಯ ಗ್ಯಾರೇಜು:
ಹತ್ತೊಂಬತ್ತು ವರ್ಷದಿಂದ ಇಂಥ ಕಾರುಗಳನ್ನೇ ಬಿಚ್ಚಿ ಜೋಡಿಸುತ್ತಿರುವವನಾಗಿ ಹೇಳುತ್ತೇನೆ. ಹುಬ್ಬಳ್ಳಿಯವರೇ, ನಿಮ್ಮ ಬರಹದಲ್ಲಿ ಗೇರ್‌ಬಾಕ್ಸ್ ಆಯಿಲ್ ಎಂಬ ಮಾತೇ ಇಲ್ಲ. ಆಯಿಲಿನಲ್ಲಿ ಮುಳುಗಿರುವ ಎರಡು ಕ್ಲಚ್ಚಿನ ಆರು ಗೇರಿನ ಪೆಟ್ಟಿಗೆಗೆ 60,000 ಕಿ.ಮೀ.ಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಲೇಬೇಕು. ಮೊದಲ ಮಾಲೀಕ ಅದನ್ನು ಮಾಡಿಸಿದ ದಾಖಲೆ ಕೇಳದೆ 14 ಲಕ್ಷ ಎಣಿಸಿಕೊಟ್ಟದ್ದು ಕಾರಿನ ತಪ್ಪಲ್ಲ.

ಕೇಳಿದವರು ಟ್ರ್ಯಾಕಿಗೆ ಹೋಗುತ್ತೇನೆ ಎಂದಿರುವುದರಿಂದ ಇನ್ನೊಂದು ಮಾತು. ಕಳೆದ ವರ್ಷ ಒಬ್ಬರು 3.7 ಕಿ.ಮೀ. ಉದ್ದದ ಆ ಟ್ರ್ಯಾಕಿನಲ್ಲಿ ಎಂಟನೆಯ ಸುತ್ತಿಗೆ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತೆಂದು ಹೆದರಿ ಬಂದರು. ನಾನು ಬಸಿದ ಬ್ರೇಕ್ ದ್ರವ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಡಾಟ್ 4 ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ತಡೆಯಬೇಕು; ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ರವರೆಗೂ ಇಳಿಯಬಹುದು. ಅವರು ನಾಲ್ಕು ವರ್ಷದಿಂದ ಬದಲಿಸಿರಲಿಲ್ಲ. ಆ ಕೆಲಸದ ಬಿಲ್ಲು 3,200 ರೂಪಾಯಿ.

ಹುಬ್ಬಳ್ಳಿ:
ದಾಖಲೆ ಕೇಳಿದ್ದೆ, ಇತ್ತು, ಅದರಲ್ಲಿ ಮೊಹರೂ ಇತ್ತು. ಮೊಹರು ಒತ್ತಿದವರು ಆಯಿಲ್ ಬದಲಿಸಿದರೋ ಇಲ್ಲವೋ ಎಂಬುದನ್ನು ಪೆಟ್ಟಿಗೆ ತೆರೆಯದೆ ನಾನು ಹೇಗೆ ತಿಳಿಯಲಿ? ತಿಂಗಳುಗಟ್ಟಲೆ ಕಾರನ್ನು ಟಾರ್ಪಾಲಿನಡಿ ಇಟ್ಟುಕೊಂಡವರು ನಿಮ್ಮ ವೃತ್ತಿಯವರೇ. ಗ್ರಾಹಕನ ಮೇಲೆ ತಪ್ಪು ಹೊರಿಸುವ ಮೊದಲು ಅದನ್ನು ಯೋಚಿಸಿ.

ಹೊಸೂರು ರಸ್ತೆ:
ನೀವೆಲ್ಲ ರಿಪೇರಿಯ ಬಗ್ಗೆ ಜಗಳವಾಡುತ್ತಿದ್ದೀರಿ, ನಿಜವಾದ ಹೊರೆ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಲೈಫ್ ಟ್ಯಾಕ್ಸ್ ಶೇ 18, ಅದರ ಮೇಲೆ ಸೆಸ್. ಸುಮಾರು ಶೇ 20 ಆಗುತ್ತದೆ. 70 ಲಕ್ಷದ ಕಾರಿಗೆ 14 ಲಕ್ಷ! ನಾನು ನನ್ನ ಕೂಪೆಯನ್ನು ಪುದುಚೇರಿಯಲ್ಲಿ ನೋಂದಾಯಿಸಿ ಆ ಹಣವನ್ನು ಉಳಿಸಿದೆ, ಮೂರು ವರ್ಷದಿಂದ ನೆಮ್ಮದಿಯಾಗಿದ್ದೇನೆ.

ಬಸವನಗುಡಿ:
ಇದನ್ನು ನೆಮ್ಮದಿ ಎಂದು ಹೊಸಬರಿಗೆ ಹೇಳಬೇಡಿ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಬೇರೆ ರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಮರುನೋಂದಣಿ ಆಗಲೇಬೇಕು. ನನ್ನ ಪರಿಚಿತರೊಬ್ಬರ ಕಾರನ್ನು ಆರ್‌ಟಿಒ ಅಧಿಕಾರಿಗಳು ಹಿಡಿದಾಗ ಅವರು ತೆರಿಗೆಯನ್ನೂ ದಂಡವನ್ನೂ ಕಟ್ಟಿ, ಧೂಳು ಹಿಡಿದ ಕಾರನ್ನು ಹತ್ತೊಂಬತ್ತು ದಿನದ ಮೇಲೆ ಬಿಡಿಸಿಕೊಂಡು ಬಂದರು. ನೀವು ಉಳಿಸಿದ್ದು ಹಣವಲ್ಲ, ಇನ್ನೂ ಕಟ್ಟದಿರುವ ಸಾಲ. ನಮ್ಮಂಥವರು ಕಟ್ಟಿದ ರಸ್ತೆಯ ಮೇಲೆಯೇ ಅದು ಓಡುತ್ತಿದೆ.

ಹೊಸೂರು ರಸ್ತೆ:
ಯಾವ ರಸ್ತೆ? ಹೋದ ತಿಂಗಳು ಗುಂಡಿಗೆ ಬಿದ್ದು ನನ್ನ ಎರಡು ಅಲಾಯ್ ಚಕ್ರ ಸೊಟ್ಟಗಾದವು, ಒಂದಕ್ಕೆ 71,000. ಇಂಥ ರಸ್ತೆಗೆ 14 ಲಕ್ಷ ಏಕೆ ಕೊಡಬೇಕು ಎಂಬುದಕ್ಕೆ ಉತ್ತರ ಕೊಟ್ಟು ಆಮೇಲೆ ನನಗೆ ನೀತಿ ಹೇಳಿ.

ಮಿಷಿಗನ್‌ನಿಂದ ದಾವಣಗೆರೆಯವನು:
ಮಸ್ಟಾಂಗ್ ತಯಾರಾಗುವ ಫ್ಲಾಟ್ ರಾಕ್ ಕಾರ್ಖಾನೆಯಿಂದ ಅರ್ಧ ಗಂಟೆಯ ದೂರದಲ್ಲಿದ್ದೇನೆ. ಭಾರತಕ್ಕೆ ಬಂದ ಆ ಮಾದರಿಯಲ್ಲಿ 401 ಅಶ್ವಶಕ್ತಿ, ಇಲ್ಲಿಯ ಅದೇ ಎಂಜಿನಿನಲ್ಲಿ 435; ಅಲ್ಲಿಗೆ ಆಟೊಮ್ಯಾಟಿಕ್ ಮಾತ್ರ ಬಂತು, ನನ್ನದು ಆರು ಗೇರಿನ ಮ್ಯಾನ್ಯುವಲ್. ಕ್ಲಚ್ಚಿಲ್ಲದ ಮಸ್ಟಾಂಗಿಗೆ 48 ಲಕ್ಷ ಕೊಡುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಇಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಹಿಮಕ್ಕೆ ಬೇರೆ ಟೈರಿನ ಸೆಟ್ಟೇ ಬೇಕು ಎಂಬುದನ್ನೂ ಹೇಳಬೇಕು.

ಬಸವನಗುಡಿ:
ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆ ಭಾರದ ಕ್ಲಚ್ಚನ್ನು ಒಂದು ವಾರ ಒತ್ತಿದವರು ಈ ಮಾತು ಹೇಳಲಿ, ಒಪ್ಪುತ್ತೇನೆ.

ಪೀಣ್ಯ ಗ್ಯಾರೇಜು:
ಅಶ್ವಶಕ್ತಿ 401 ಇರಲಿ, ಟಿಟಿಯ 230 ಇರಲಿ, ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ 100ರ ಮಿತಿ ಇದೆ, ಕ್ಯಾಮೆರಾಗಳಿವೆ. ಮಡಿಕೇರಿಯ ತಿರುವುಗಳಲ್ಲಿ ಹಗುರವಾದ ಟಿಟಿ ಕೊಡುವ ಹಿಡಿತವನ್ನು ವಿ8 ಕೊಡುವುದಿಲ್ಲ. ಟ್ರ್ಯಾಕಿನಲ್ಲಿ ಆಗುವ ಹಾನಿಗೆ ಸಾಮಾನ್ಯ ವಿಮೆಯೂ ಬರುವುದಿಲ್ಲ. ಪಾಲಿಸಿಯಲ್ಲಿ ರೇಸಿಂಗ್ ಮತ್ತು ವೇಗದ ಪರೀಕ್ಷೆಯನ್ನು ಹೊರಗಿಟ್ಟಿರುತ್ತಾರೆ. ಅಲ್ಲಿ ಗೋಡೆಗೆ ತಗಲಿದರೆ 27 ಲಕ್ಷದ ಕಾರೋ 48 ಲಕ್ಷದ ಕಾರೋ ಎಂಬುದೇ ದೊಡ್ಡ ವ್ಯತ್ಯಾಸ.

ಬಸವನಗುಡಿ:
ಗ್ಯಾರೇಜಿನವರು ಹಿಡಿತವನ್ನು ಅಳೆಯುತ್ತಾರೆ, ನಾನು ಓಡಿಸುವುದು ಬೇರೆಯದಕ್ಕೆ. ಲಾರಿಯ ಹಿಂದೆ 50ರಲ್ಲಿ ಕಾದು, ದಾರಿ ತೆರೆದಾಗ 100 ಮುಟ್ಟುವ ಆ ಕೆಲವು ಕ್ಷಣಗಳಲ್ಲಿ ಎಂಜಿನ್ ಎಲ್ಲಿಯೂ ತಡವರಿಸುವುದಿಲ್ಲ. ಅದಕ್ಕಾಗಿ ನಾನು ವರ್ಷಕ್ಕೆ 3,36,000 ಕೊಡುತ್ತಿದ್ದೇನೆ, ಸಂತೋಷದಿಂದಲೇ ಕೊಡುತ್ತಿದ್ದೇನೆ.

ಹುಣಸೂರು ರಸ್ತೆ, ಮೈಸೂರು:
ಎಲ್ಲರಿಗೂ ವಂದನೆಗಳು. ವರ್ಷದ ಮಿತಿ ಮೂರು ಲಕ್ಷ ಎಂದಿದ್ದೆ, ಬಸವನಗುಡಿಯವರ ಲೆಕ್ಕ ಅದನ್ನು ದಾಟುತ್ತದೆ. ಆದರೂ ಮನಸ್ಸು ಅತ್ತಲೇ ಎಳೆಯುತ್ತಿದೆ. ಗೇಟಿನ ಇಳಿಜಾರಿನ ಬಗ್ಗೆ ಯಾರಾದರೂ ಹೇಳುವಿರಾ? ಅಳೆದು ನೋಡಿದೆ: ಆರು ಅಡಿ ಉದ್ದಕ್ಕೆ ಹದಿನಾಲ್ಕು ಇಂಚು ಏರುತ್ತದೆ.

ಬಸವನಗುಡಿ:
ಅಳತೆಯಿಂದ ತಿಳಿಯುವುದಿಲ್ಲ, ಸ್ವಾಮಿ. ಏರು ಶುರುವಾಗುವ ಮೂಲೆಯೇ ಮುಖ್ಯ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನಾನು ಓರೆಯಾಗಿ, ಒಂದು ಚಕ್ರ ಮೊದಲು ಹತ್ತುವಂತೆ ಒಯ್ಯುತ್ತೇನೆ, ಆದರೂ ಎರಡು ಸಲ ತಗಲಿದೆ. ಮುಂದಿನ ಭಾನುವಾರ ಮೈಸೂರಿಗೆ ಬರುವುದಿದೆ. ನಿಮ್ಮ ಗೇಟಿಗೇ ತಂದು ಹತ್ತಿಸಿ ನೋಡೋಣ, ಕೊಳ್ಳುವ ಮಾತು ಆಮೇಲೆ.

ಹುಬ್ಬಳ್ಳಿ:
ಹತ್ತಿಸಿದ ಮೇಲೆ ಅವರ ಬಂಪರಿನ ಕೆಳಭಾಗಕ್ಕೆ ಮೊಬೈಲ್ ಹಿಡಿದು ಫೋಟೊ ತೆಗೆದು ಇಲ್ಲಿ ಹಾಕಿ. ಕೊಳ್ಳಲಿರುವ ಕಾರಿನದನ್ನೂ ಹಾಗೆಯೇ ತೆಗೆಯಿರಿ. ನಾನು ತೆಗೆಯಲಿಲ್ಲ.